ಎರಡು ಗಂಟೆಯ ಚಮಚ

ಸೋಮವಾರ ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ಹುಲ್ಲೆಣ್ಣೆ ಕಾರ್ಖಾನೆಯ ಮ್ಯಾನೇಜರ್ ಠಾಣೆಯ ಮೆಟ್ಟಿಲು ಹತ್ತಿ ಬಂದರು. ಅಂಗಿಯ ಗುಂಡಿಗಳು ಒಂದೊಂದು ಕಾಜ ತಪ್ಪಿ ಕೂತಿದ್ದವು. ರೈಟರ್ ಕುರ್ಚಿ ತೋರಿಸಿ, ದೂರಿನ ಪುಸ್ತಕ ಎಳೆದುಕೊಂಡ.

"ಏನ್ ಕಳುವಾಗಿದೆ ಸರ್?"

"ಹೆಪ್ಪು."

ರೈಟರ್ ಪೆನ್ನು ಎತ್ತಿ ಹಿಡಿದ. "ಏನಂದ್ರಿ?"

"ಹೆಪ್ಪು. ಒಂದು ಗಾಜಿನ ಜಾಡಿ ತುಂಬ. ಮೂರು ಲೀಟರ್."

ಬಾಗಿಲಲ್ಲಿ ನಿಂತಿದ್ದ ಕಾನ್‌ಸ್ಟೆಬಲ್‌ಗೆ ನಗು ತಡೆಯಲಾಗಲಿಲ್ಲ. "ಮೊಸರಿನ ವ್ಯಾಪಾರ ಯಾವಾಗ ಶುರು ಮಾಡಿದ್ರಿ ಸರ್?" ಎಂದುಬಿಟ್ಟ. ಮ್ಯಾನೇಜರ್ ನಗಲೂ ಇಲ್ಲ, ಸಿಡುಕಲೂ ಇಲ್ಲ. ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡು ಕೂತುಬಿಟ್ಟರು. ಅಷ್ಟು ಹೊತ್ತಿಗೆ ಒಳಕೋಣೆಯಿಂದ ಇನ್ಸ್‌ಪೆಕ್ಟರ್ ಹೊರಗೆ ಬಂದರು. ಆಕೆ ಬಂದರೆ ಠಾಣೆಯಲ್ಲಿ ನಗು ತಾನಾಗಿಯೇ ನಿಲ್ಲುತ್ತಿತ್ತು. ಆಕೆ ಗದರುವವರೇನಲ್ಲ. ಸುಮ್ಮನೆ ನೋಡುತ್ತಾರೆ, ಅಷ್ಟೇ ಸಾಕಾಗುತ್ತಿತ್ತು.

ಮ್ಯಾನೇಜರ್ ಹೇಳಿದ್ದನ್ನು ಇನ್ಸ್‌ಪೆಕ್ಟರ್ ಎರಡು ಸಲ ಕೇಳಿ ಅರ್ಥ ಮಾಡಿಕೊಂಡರು. ಕಾರ್ಖಾನೆಯಲ್ಲಿ ಜೋಳದ ದಂಟು, ಹುಲ್ಲು, ಮರದ ಪುಡಿ, ಹೀಗೆ ಯಾರಿಗೂ ಬೇಡವಾದದ್ದನ್ನೆಲ್ಲ ಕುದಿಸಿ ಕರಗಿಸಿ ಸಿಹಿನೀರು ಮಾಡುತ್ತಾರೆ. ಅದಕ್ಕೆ ಯೀಸ್ಟ್ ಎಂಬ ಕಣ್ಣಿಗೆ ಕಾಣದ ಜೀವವನ್ನು ಬಿಡುತ್ತಾರೆ. ಅದು ಸಿಹಿಯನ್ನು ತಿಂದು ಇಂಧನ ಕಾರುತ್ತದೆ, ಅದೇ ಹುಲ್ಲೆಣ್ಣೆ. ಆ ಜೀವವೇ ಹೆಪ್ಪು. ನಾಲ್ಕು ಟ್ಯಾಂಕುಗಳಿಗೂ ಅದರ ಬೀಜ ಹೋಗುವುದು ಒಂದೇ ಜಾಡಿಯಿಂದ, ಅದನ್ನು ಕೆಲಸಗಾರರು 'ತಾಯಿ' ಎನ್ನುತ್ತಾರೆ. ಆ ತಾಯಿಯೇ ಇವತ್ತು ಕಾಣೆಯಾಗಿತ್ತು. ಟ್ಯಾಂಕುಗಳಲ್ಲಿದ್ದ ಹೆಪ್ಪೂ ಸತ್ತಿತ್ತು, ಶೀತಲಪೆಟ್ಟಿಗೆಯಲ್ಲಿ ಕಾಯ್ದಿಟ್ಟಿದ್ದ ಸಣ್ಣ ಸೀಸೆಗಳೂ ಸತ್ತಿದ್ದವು.

"ಬೇರೆ ಹೆಪ್ಪು ಸಿಗೋದಿಲ್ವಾ?"

"ಹಳೇದು ಇದೆ ಮೇಡಂ. ಅದು ಸೋಮಾರಿ. ಅದರಲ್ಲಿ ತೆಗೆದ್ರೆ ಹುಲ್ಲೆಣ್ಣೆ ಪೆಟ್ರೋಲಿಗಿಂತ ದುಬಾರಿ ಬೀಳುತ್ತೆ. ಈ ಹೊಸದು ಬಂದ ಮೇಲೇ ನಾವು ಅರ್ಧ ಬೆಲೆಗೆ ಕೊಡೋಕಾಗಿದ್ದು. ಊರಿನ ಬಸ್ಸೆಲ್ಲ ಇದರ ಮೇಲೇ ಓಡ್ತಿವೆ. ನಾಲ್ಕು ದಿನದ ದಾಸ್ತಾನಿದೆ. ಆಮೇಲೆ ಬಾಗಿಲು ಹಾಕ್ಕೊಂಡು ಹೋಗೋದೇ. ನೂರೆಂಬತ್ತು ಜನ ಇದೀವಿ."

"ಕದ್ದವರ ಹತ್ರ ಅದು ಎಷ್ಟು ದಿನ ಬದುಕುತ್ತೆ?"

"ಇದು ಮುದ್ದಿನ ತಳಿ ಮೇಡಂ. ಎಂಟು ಗಂಟೆಗೊಮ್ಮೆ ಒಂದು ಚಮಚ ಪಾಕ ಹಾಕಬೇಕು. ಬೆಳಿಗ್ಗೆ ಆರು, ಮಧ್ಯಾಹ್ನ ಎರಡು, ರಾತ್ರಿ ಹತ್ತು. ಒಂದು ಹೊತ್ತು ತಪ್ಪಿದ್ರೆ ಸೊರಗುತ್ತೆ. ಎರಡು ಹೊತ್ತು ತಪ್ಪಿದ್ರೆ ಎಬ್ಬಿಸೋಕಾಗಲ್ಲ."

ರೈಟರ್ ಎಫ್‌ಐಆರ್‌ನಲ್ಲಿ ಕಳುವಾದ ಮಾಲಿನ ಕಾಲಂ ಮುಂದೆ ತಡವರಿಸಿದ. ಗಾಜಿನ ಜಾಡಿ ಒಂದು, ಒಳಗೆ ಮಣ್ಣಿನ ಬಣ್ಣದ ದ್ರವ, ಎಂದು ಬರೆದು ತಲೆ ಎತ್ತಿದ. "ಜೀವಂತ ಅಂತ ಸೇರಿಸ್ಲಾ ಮೇಡಂ?"

"ಸೇರಿಸಿ. ಇರೋವರೆಗೂ ಅದು ನಿಜಾನೇ ತಾನೆ," ಎಂದರು ಇನ್ಸ್‌ಪೆಕ್ಟರ್.

ಎಫ್‌ಐಆರ್ ದಾಖಲಾದ ಸಮಯ ಎಂಟು ಐವತ್ತು. ಒಂಬತ್ತೂ ಇಪ್ಪತ್ತಕ್ಕೆ ಜೀಪು ಕಾರ್ಖಾನೆಯ ಗೇಟಿನಲ್ಲಿತ್ತು. ಠಾಣೆಯ ಜೀಪೂ ವರ್ಷದಿಂದ ಹುಲ್ಲೆಣ್ಣೆಯನ್ನೇ ಕುಡಿಯುತ್ತಿತ್ತು. ಅದರ ಹೊಗೆಗೆ ಹುಳಿತ ಹಣ್ಣಿನ ವಾಸನೆ. ಮೊದಮೊದಲು ಎಲ್ಲರೂ ಮೂಗು ಮುಚ್ಚಿಕೊಳ್ಳುತ್ತಿದ್ದರು, ಈಗ ಯಾರಿಗೂ ಅದರ ಪರಿವೆಯೇ ಇರಲಿಲ್ಲ.

ಟ್ಯಾಂಕುಗಳ ಶೆಡ್ಡಿನೊಳಗೆ ಕಾಲಿಟ್ಟ ಕೂಡಲೇ ದಫೇದಾರರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಮೂವತ್ತೊಂದು ವರ್ಷ ಸರ್ವಿಸ್ ಮಾಡಿದ ಮನುಷ್ಯ, ಹೆಣ ಬಿದ್ದ ಮನೆಯಲ್ಲಿ ಮಾತ್ರ ಹಾಗೆ ಮಾಡುತ್ತಿದ್ದರು. ಮೂರು ಅಂತಸ್ತಿನ ಎತ್ತರದ ನಾಲ್ಕು ಉಕ್ಕಿನ ಟ್ಯಾಂಕುಗಳು ಸಾಲಾಗಿ ನಿಂತಿದ್ದವು. ಹಗಲೂ ರಾತ್ರಿ ಅವುಗಳ ಹೊಟ್ಟೆಯಲ್ಲಿ ಗುಳುಗುಳು ಏಳುತ್ತಿದ್ದುದರಿಂದ ಇಲ್ಲಿ ಕೂಗಿಯೇ ಮಾತಾಡಬೇಕಿತ್ತಂತೆ. ಇಂದು ನಲವತ್ತು ಜನ ಕೆಲಸಗಾರರು ಗೋಡೆಗೊರಗಿ ನಿಂತಿದ್ದರೂ ಯಾರೋ ಕೆಮ್ಮಿದ್ದು ಈ ತುದಿಯಿಂದ ಆ ತುದಿಗೆ ಕೇಳಿಸಿತು.

ಪ್ರಯೋಗಾಲಯದ ಮುಖ್ಯಸ್ಥರು ಮುಂದೆ ಬಂದರು. ಅವರನ್ನು ಎಲ್ಲರೂ ಡಾಕ್ಟರು ಎನ್ನುತ್ತಿದ್ದರು, ಯಾರಿಗೂ ಒಂದು ಮಾತ್ರೆ ಕೊಟ್ಟವರಲ್ಲ. ಟ್ಯಾಂಕು ತೊಳೆಯಲು ಇಟ್ಟಿದ್ದ ಕಾಸ್ಟಿಕ್ ನೀರಿನ ವಾಲ್ವುಗಳನ್ನು ಯಾರೋ ತಿರುಗಿಸಿದ್ದರು. ನಾಲ್ಕೂ ಟ್ಯಾಂಕಿಗೆ ಆ ಸುಡುನೀರು ಇಳಿದಿತ್ತು, ಶೀತಲಪೆಟ್ಟಿಗೆಯ ಸೀಸೆಗಳಿಗೂ ಅದನ್ನೇ ಬೆರೆಸಿದ್ದರು. ಯಾವ ಬೀಗವೂ ಒಡೆದಿರಲಿಲ್ಲ.

"ಒಳಗೆ ನೋಡಬಹುದಾ?" ಇನ್ಸ್‌ಪೆಕ್ಟರ್ ನಾಲ್ಕನೇ ಟ್ಯಾಂಕಿನ ಏಣಿಗೆ ಕೈ ಹಾಕಿದರು.

"ಒಂದು ನಿಮಿಷ," ಎಂದು ಡಾಕ್ಟರು ತಡೆದರು. ಮೇಲೆ ಹತ್ತಿ, ಮನುಷ್ಯ ಇಳಿಯುವಷ್ಟಿದ್ದ ದುಂಡು ಬಾಯಿಯ ಮುಚ್ಚಳ ತೆಗೆದು, ದಾರಕ್ಕೆ ಕಟ್ಟಿದ ಮೋಂಬತ್ತಿಯೊಂದನ್ನು ಹೊತ್ತಿಸಿ ಒಳಗೆ ಇಳಿಬಿಟ್ಟರು. ಮೊಳದುದ್ದ ಇಳಿಯುವುದರಲ್ಲಿ ಉರಿ ಆರಿಹೋಯಿತು. ಗಾಳಿ ಬೀಸಿದಾಗ ಆರುವ ಹಾಗೆ ಅದು ಅಲುಗಲಿಲ್ಲ, ಯಾರೋ ಬೆರಳಲ್ಲಿ ಚಿವುಟಿದ ಹಾಗೆ ಇಲ್ಲವಾಯಿತು. "ಹೆಪ್ಪು ಉಸಿರಾಡಿ ಬಿಟ್ಟ ಗಾಳಿ ಇದು. ಅದು ಸತ್ರೂ ಇದು ಹೋಗಲ್ಲ. ಬಣ್ಣ ಇಲ್ಲ, ವಾಸನೆ ಇಲ್ಲ, ಭಾರ ಜಾಸ್ತಿ. ತಳದಲ್ಲಿ ಮಲಗಿರುತ್ತೆ, ಗಾಳಿ ಊದಿ ಓಡಿಸಿದ್ರೂ ಮತ್ತೆ ಕೂಡುತ್ತೆ. ಬಗ್ಗಿದವರು ಎರಡು ಉಸಿರಿಗೆ ಬೀಳ್ತಾರೆ."

"ಹೋದ ವರ್ಷ ಇದೇ ಟ್ಯಾಂಕಲ್ಲಿ ಒಬ್ಬ ಹೋಗಿಬಿಟ್ಟ ಮೇಡಂ," ದಫೇದಾರರು ಮೆಲ್ಲನೆ ಹೇಳಿದರು.

"ಅವನದೇ ತಪ್ಪು," ಮ್ಯಾನೇಜರ್ ಕೆಳಗಿನಿಂದಲೇ ಬಾಯಿ ಹಾಕಿದರು. "ಹಗ್ಗ ಕಟ್ಕೊಳ್ಳದೆ ಇಳಿದ. ನಿಮ್ಮವರೇ ಹಾಗಂತ ಬರೆದಿದಾರೆ."

ಡಾಕ್ಟರ ಹಿಂದೆಯೇ ಏಣಿ ಹತ್ತಿದ್ದ ಇನ್ಸ್‌ಪೆಕ್ಟರ್ ಆ ಕತ್ತಲ ಬಾಯಿಯನ್ನೇ ನೋಡಿದರು. ಒಳಗಿನಿಂದ ಏನೋ ತಮ್ಮನ್ನು ನೋಡುತ್ತಿದೆ ಅನ್ನಿಸಿ, ಪೊಲೀಸರಿಗೆ ಇಂಥದ್ದೆಲ್ಲ ಅನ್ನಿಸಬಾರದು ಎಂದುಕೊಂಡು ಕೆಳಗಿಳಿದರು.

ಹೆಪ್ಪಿನ ಕೋಣೆ ಚಿಕ್ಕದು. ಪಂಚರ ಸಮಕ್ಷಮ ಪಂಚನಾಮೆ ಶುರುವಾಯಿತು. ಜಾಡಿ ಇಡುವ ಮರದ ಮಣೆ ಖಾಲಿ. ಜಾಡಿಗೆ ಬೆಚ್ಚಗಿರಲಿ ಎಂದು ಸುತ್ತುತ್ತಿದ್ದ ಹಸಿರು ಬಟ್ಟೆ ಇಲ್ಲ. ಪಾಕದ ಬಾಟಲಿ ಇಲ್ಲ. ಉದ್ದ ಹಿಡಿಯ ಚಮಚವೂ ಇಲ್ಲ.

"ಹಾಳು ಮಾಡೋಕೆ ಬಂದವನು ಚಮಚ ಯಾಕೆ ಒಯ್ಯುತ್ತಾನೆ?" ಇನ್ಸ್‌ಪೆಕ್ಟರ್ ಕೇಳಿದರು. ದಫೇದಾರರು ಅದನ್ನೂ ಬರೆದುಕೊಂಡರು. ಟ್ಯಾಂಕುಗಳನ್ನು ಕೊಂದ ಕೈಯೇ ಜಾಡಿಯನ್ನು ಸಾಕಲು ಒಯ್ದಿತ್ತು. ಹಾಗಿದ್ದರೆ ಅದು ಸಾಕಿ ಗೊತ್ತಿದ್ದ ಕೈ.

ಪಾಕ ಹಾಕಲು ಗೊತ್ತಿದ್ದವರು ಮೂರೇ ಜನ. ಬೆಳಗಿನ ಹೊತ್ತು ಡಾಕ್ಟರು. ರಾತ್ರಿ ಹೊತ್ತು ಉದ್ದಣ್ಣ, ಬಾಗಿಲು ದಾಟುವಾಗೆಲ್ಲ ತಲೆ ಬಗ್ಗಿಸುವ ಆಳು. ಮಧ್ಯಾಹ್ನ ಎರಡರ ಹೊತ್ತು ಹೆಪ್ಪಕ್ಕ, ಹತ್ತು ವರ್ಷದಿಂದ ಆ ಕೋಣೆ ನೋಡಿಕೊಳ್ಳುತ್ತಿದ್ದ, ನಲವತ್ತು ದಾಟಿದ ಹೆಂಗಸು. ರಿಜಿಸ್ಟರಿನಲ್ಲಿ ಭಾನುವಾರ ಎರಡು ಗಂಟೆಗೆ ಹೆಪ್ಪಕ್ಕನ ಸಹಿ, ರಾತ್ರಿ ಹತ್ತಕ್ಕೆ ಉದ್ದಣ್ಣನ ಸಹಿ. ಸೋಮವಾರ ಆರಕ್ಕೆ ಡಾಕ್ಟರು ಬಂದಾಗ ಜಾಡಿ ಇರಲಿಲ್ಲ.

ಹನ್ನೆರಡೂವರೆಗೆ ಮೂವರನ್ನೂ ಠಾಣೆಗೆ ಕರೆಸಿ, ಗೋಡೆ ಗಡಿಯಾರದ ಎದುರಿನ ಬೆಂಚಿನ ಮೇಲೆ ಕೂರಿಸಿದರು. ಮೊದಲು ಉದ್ದಣ್ಣ.

"ಭಾನುವಾರ ರಾತ್ರಿ ಪಾಕ ಹಾಕಿದ್ರಾ?"

"ಹೂಂ ಮೇಡಂ. ಸಹಿ ಇದೆಯಲ್ಲ."

"ಜಾಡಿಗೆ ಯಾವ ಬಣ್ಣದ ಬಟ್ಟೆ ಸುತ್ತಿತ್ತು?"

"ಬಿಳಿ."

"ಬಿಳಿ ಬಟ್ಟೆ ಒಗೆಯೋಕೆ ಹೋಗಿ ಭಾನುವಾರ ಬೆಳಿಗ್ಗೆನೇ ಹಸಿರು ಬಂದಿತ್ತು."

ಉದ್ದಣ್ಣನ ಮುಖ ಸಪ್ಪಗಾಯಿತು. "ಶನಿವಾರವೇ ಸಹಿ ಹಾಕಿಟ್ಟುಬಿಟ್ಟೆ ಮೇಡಂ. ನಾವು ರಜಾ ಬೇಕಾದಾಗ ಹಾಗೇ ಮಾಡೋದು. ಹೆಂಡತಿ ತವರಿಗೆ ಹೋಗಿದ್ದೆ. ಬೇಕಾದ್ರೆ ನಮ್ಮ ಮಾವನ್ನ ಕೇಳಿ. ಅವರು ನನ್ನ ಪರ ಒಂದು ಮಾತೂ ಆಡೋರಲ್ಲ, ಇದೊಂದನ್ನ ಹೇಳ್ತಾರೆ."

"ಹಾಗಾದ್ರೆ ಹತ್ತು ಗಂಟೆ ಪಾಕ?"

"ಹೆಪ್ಪಕ್ಕ ನೋಡ್ಕೋತೀನಿ ಅಂದ್ರು. ಅವರಿಗೆ ಅದು ಬೇಜಾರಿಲ್ಲ. ಭಾನುವಾರ ಪೂರ್ತಿ ಅಲ್ಲೇ ಇರ್ತಾರೆ."

ಕಾನ್‌ಸ್ಟೆಬಲ್ ಫೋನ್ ಮಾಡಿದ. ಮಾವ ಅಳಿಯನನ್ನು ಎರಡು ನಿಮಿಷ ಬೈದು, ಕೊನೆಗೆ, ಹೌದು ಇಲ್ಲೇ ಬಿದ್ದುಕೊಂಡಿದ್ದ ಎಂದರು.

ಆಮೇಲೆ ಹೆಪ್ಪಕ್ಕ. ಸಣಕಲು ದೇಹ, ಬೆರಳ ತುದಿಗಳು ನೀರಲ್ಲಿ ನೆನೆದ ಹಾಗೆ ಬೆಳ್ಳಗೆ. ಕೇಳಿದಷ್ಟಕ್ಕೇ ಉತ್ತರ.

"ಭಾನುವಾರ ಎರಡು ಗಂಟೆಗೆ ಪಾಕ ಹಾಕಿದ್ರಾ?"

"ಹಾಕಿದೆ."

"ರಾತ್ರಿ ಹತ್ತಕ್ಕೆ?"

"ಹಾಕಿದೆ."

"ಇವತ್ತು ಬೆಳಿಗ್ಗೆ ಆರಕ್ಕೆ ಅದು ಇರಲಿಲ್ಲ."

"ಅಲ್ಲಿರಲಿಲ್ಲ," ಎಂದಳು ಹೆಪ್ಪಕ್ಕ.

ಇನ್ಸ್‌ಪೆಕ್ಟರ್ ಮುಂದೆ ಕೇಳಲಿಲ್ಲ. ಎದುರಿನ ಮೇಜಿನಲ್ಲಿ ಕಾಗದ ಹರಡಿಕೊಂಡು ಕೂತರು. ಕಳುವಾದ ಬಂಗಾರವನ್ನು ಹೂತಿಟ್ಟು ಹತ್ತು ವರ್ಷ ಸುಮ್ಮನಿರಬಹುದು. ಈ ಮಾಲು ಹಾಗಲ್ಲ, ಇದಕ್ಕೆ ಎರಡು ಗಂಟೆಗೆ ಹೊಟ್ಟೆ ಹಸಿಯುತ್ತದೆ. ಇಟ್ಟುಕೊಂಡವರಿಗೆ ಅದು ಗೊತ್ತಿರುತ್ತದೆ. ಒಂದೂವರೆಯಾಯಿತು. ಡಾಕ್ಟರು ಕನ್ನಡಕ ಒರೆಸಿ ಒರೆಸಿ ಸವೆಸುತ್ತಿದ್ದರು. ಉದ್ದಣ್ಣ ಕೆಲಸ ಹೋಯಿತೆಂದು ತಲೆಗೆ ಕೈ ಹೊತ್ತು ಕೂತಿದ್ದ. ಹೆಪ್ಪಕ್ಕ ಅಲುಗದೆ ಕೂತಿದ್ದಳು.

ಒಂದು ಐವತ್ತಕ್ಕೆ ಆಕೆಯ ಬಲಗೈ ಮಡಿಲಲ್ಲಿ ತಿರುಗತೊಡಗಿತು.

ನಿಧಾನವಾಗಿ, ಎಡದಿಂದ ಬಲಕ್ಕೆ, ಉದ್ದ ಹಿಡಿಯ ಏನನ್ನೋ ಹಿಡಿದ ಹಾಗೆ ಬೆರಳು ಕೂಡಿಸಿ ತಿರುಗುತ್ತಿತ್ತು. ಮೂರು ಸುತ್ತು, ನಿಲ್ಲುವುದು. ಮತ್ತೆ ಮೂರು ಸುತ್ತು. ಆಕೆಗೆ ಅದರ ಅರಿವೇ ಇರಲಿಲ್ಲ, ಕಣ್ಣು ಗಡಿಯಾರದ ಮೇಲಿತ್ತು. ಎರಡು ಗಂಟೆಯಾಯಿತು. ಕೈ ನಿಂತಿತು. ಹೆಪ್ಪಕ್ಕನ ತುಟಿ ಒಣಗಿ ಬಿಳಿಚಿಕೊಂಡಿತು. ಎರಡೂ ಹತ್ತು, ಎರಡೂ ಇಪ್ಪತ್ತು. ಆಗ ಆಕೆ ಎದ್ದು ನಿಂತಳು.

"ನಾನು ಮನೆಗೆ ಹೋಗ್ಬೇಕು ಮೇಡಂ."

"ಯಾಕೆ?"

"ತಮ್ಮ ಇದಾನೆ. ಅವನಿಗೆ ಹೊತ್ತು ಮೀರಿತು."

"ತಾನೇ ಬಡಿಸ್ಕೊಂಡು ತಿನ್ನಲ್ವಾ?"

"ಇಲ್ಲ. ನಾನೇ ಹಾಕ್ಬೇಕು."

ದಫೇದಾರರು ಬಾಗಿಲ ಬಳಿಯಿಂದ ಇನ್ಸ್‌ಪೆಕ್ಟರ್ ಕಡೆ ಕಣ್ಸನ್ನೆ ಮಾಡಿದರು. ಇಬ್ಬರೂ ವರಾಂಡಕ್ಕೆ ಬಂದರು. ದಫೇದಾರರು ದನಿ ತಗ್ಗಿಸಿದರು. "ಬೆಳಗಿನಿಂದ ಎಲ್ಲೋ ನೋಡಿದ ಮುಖ ಅನ್ನಿಸ್ತಿತ್ತು ಮೇಡಂ. ಆಗ ತುಂಬಿದ ಮೈ ಇತ್ತು, ಈಗ ಅರ್ಧ ಆಗಿದಾಳೆ, ಗುರುತೇ ಸಿಗಲಿಲ್ಲ. ಆ ನಾಲ್ಕನೇ ಟ್ಯಾಂಕಲ್ಲಿ ಸತ್ತನಲ್ಲ, ಅವನೇ ಇವಳ ತಮ್ಮ. ಇವಳಿಗೆ ಬೇರೆ ತಮ್ಮ ಇಲ್ಲ. ಹದಿನಾಲ್ಕು ತಿಂಗಳಾಯ್ತು. ಪಂಚನಾಮೆ ಬರೆದವನು ನಾನೇ."

"ಸಹಿ ಹಾಕಿದ್ದು?"

ದಫೇದಾರರು ನೆಲ ನೋಡಿದರು. "ನೀವು, ಮೇಡಂ."

ಅಸಹಜ ಸಾವಿನ ಕಡತ ಬೀರುವಿನ ಕೆಳಗಿನ ಸಾಲಿನಿಂದ ಹೊರಬಂತು. ಇನ್ಸ್‌ಪೆಕ್ಟರ್ ಈ ಠಾಣೆಗೆ ಬಂದ ಮೊದಲ ವಾರ, ಮೇಜಿನ ಮೇಲೆ ಪೇರಿಸಿಟ್ಟ ಕಾಗದಗಳಿಗೆಲ್ಲ ಸಹಿ ಹಾಕಿದ್ದರು. ಅದರಲ್ಲಿ ಇದೂ ಒಂದು. 'ಟ್ಯಾಂಕಿನ ಒಳಗೋಡೆ ತೊಳೆಯಲು ಇಳಿದ ವ್ಯಕ್ತಿ ಉಸಿರುಗಟ್ಟಿ ಮೃತಪಟ್ಟಿದ್ದು, ಸುರಕ್ಷತಾ ಹಗ್ಗ ಸುತ್ತಿಟ್ಟ ಸ್ಥಿತಿಯಲ್ಲಿ ಮೊಳೆಗೆ ತೂಗುತ್ತಿತ್ತು. ಮೃತನ ಅಜಾಗರೂಕತೆಯೇ ಕಾರಣ. ಯಾರ ಮೇಲೂ ಅನುಮಾನವಿಲ್ಲ.' ಶವ ಸಿಕ್ಕಿದ್ದು ಸಂಜೆ ಆರಕ್ಕೆ, ತಳದಲ್ಲಿ ಮೊಣಕಾಲುದ್ದ ಉಳಿಸಿದ್ದ ಹೆಪ್ಪಿನಲ್ಲಿ.

ಇನ್ಸ್‌ಪೆಕ್ಟರ್ ಡಾಕ್ಟರನ್ನು ಒಳಗೆ ಕರೆದರು.

"ತಳದಲ್ಲಿ ಹೆಪ್ಪು ಯಾಕೆ ಉಳಿಸ್ತೀರಿ?"

"ಪ್ರತಿ ಸಲ ಜಾಡಿಯಿಂದ ತೆಗೆಯೋಕಾಗಲ್ಲ, ಮುಂದಿನ ಸರದಿಗೆ ಬೀಜಕ್ಕೆ. ಮನೇಲಿ ಪಾತ್ರೆ ತಳದಲ್ಲಿ ಮೊಸರು ಬಿಡಲ್ವಾ, ಹಾಗೆ."

"ಆವತ್ತು ಹೆಣ ತೆಗೆದ ಮೇಲೆ ಆ ಹೆಪ್ಪನ್ನ ಏನ್ ಮಾಡಿದ್ರಿ?"

ಡಾಕ್ಟರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದರು. "ಚೆಲ್ಲಬೇಕಿತ್ತು. ಒಂದು ದಿನ ಕೆಲಸ ನಿಲ್ಲುತ್ತೆ ಅಂತ ಮ್ಯಾನೇಜರ್ ಬೇಡ ಅಂದ್ರು. ಸಿಹಿನೀರು ಬಿಟ್ವಿ. ಅವತ್ತಿನ ಸರದಿಯ ಹಾಗೆ ಯಾವ ಸರದಿಯೂ ಎಂದೂ ಬಂದಿರಲಿಲ್ಲ. ಮೂರು ದಿನದ ಕೆಲಸ ಒಂದೂವರೆ ದಿನಕ್ಕೆ ಮುಗೀತು. ಯಾಕೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಜೀವಿಗಳು ಒಮ್ಮೊಮ್ಮೆ ತಾವಾಗೇ ಬದಲಾಗ್ತವೆ, ಅಷ್ಟೇ ಇರಬೇಕು. ಆ ಹೆಪ್ಪನ್ನೇ ತೆಗೆದು ತಾಯಿ ಮಾಡಿದ್ವಿ."

"ಅಂದ್ರೆ ಕಳುವಾದ ಜಾಡಿಯಲ್ಲಿರೋದು?"

"ಅದೇ," ಎಂದರು ಡಾಕ್ಟರು. "ತಳಿ ಪುಸ್ತಕದಲ್ಲಿ ತಾರೀಖು ಬರೆದಿದೆ. ಆ ಪುಸ್ತಕ ಬರೆಯೋದು ಹೆಪ್ಪಕ್ಕ."

ಮೂರೂ ಮೂವತ್ತೈದಕ್ಕೆ ಹೆಪ್ಪಕ್ಕನ ಮನೆ ಮುಂದೆ ಜೀಪು ನಿಂತಿತು. ಆಕೆಯನ್ನು ಮಹಿಳಾ ಕಾನ್‌ಸ್ಟೆಬಲ್ ನಡೆಸಿಕೊಂಡೇ ಬಂದಿದ್ದಳು. ಜೀಪು ಹತ್ತು ಎಂದರೆ ಆಕೆ ಹತ್ತಿರಲಿಲ್ಲ, ಆಗ ಯಾರೂ ಅದಕ್ಕೆ ತಲೆ ಕೆಡಿಸಿಕೊಂಡಿರಲಿಲ್ಲ. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆ. ಪಕ್ಕದ ಮನೆಯ ದರ್ಜಿ ಮತ್ತು ಬೀದಿಯ ಪೋಸ್ಟ್‌ಮನ್ ಪಂಚರು. ಬೀಗ ಆಕೆಯೇ ತೆಗೆದಳು.

ಅಡುಗೆಮನೆ ಒಪ್ಪವಾಗಿತ್ತು. ದಫೇದಾರರು ಉಪ್ಪಿನ ಡಬ್ಬಿಯನ್ನು ಮುಚ್ಚಳ ಹಿಡಿದು ಎತ್ತಿದರು. ಮುಚ್ಚಳ ಕೈಗೆ ಬಂತು, ಡಬ್ಬಿ ಉರುಳಿ ಉಪ್ಪು ಚೆಲ್ಲಿತು. ಸಕ್ಕರೆ ಡಬ್ಬಿ, ಎಣ್ಣೆ ಬಾಟಲಿ, ನೀರಿನ ಬಾಟಲಿ, ಎಲ್ಲದರ ಮುಚ್ಚಳವೂ ಕಾಲು ಸುತ್ತು ಸಡಿಲ.

"ನಮ್ಮಲ್ಲಿ ಯಾರೂ ಬಿಗಿ ಮಾಡಲ್ಲ," ಎಂದರು ಜೀಪಿನಲ್ಲಿ ಜೊತೆಗೆ ಬಂದಿದ್ದ ಡಾಕ್ಟರು. "ಒಳಗೆ ಉಸಿರಾಡೋದು ಇದ್ರೆ ಬಿಗಿ ಮಾಡಿದ ಗಾಜು ಸಿಡಿಯುತ್ತೆ. ಕೈಗೆ ಅಭ್ಯಾಸ ಆಗಿಹೋಗುತ್ತೆ. ಆದ್ರೆ ಉಪ್ಪಿನ ಡಬ್ಬೀನೂ ಹೀಗೆ ಇಟ್ಟಿದ್ದನ್ನ ನೋಡಿದ್ದು ಇದೇ ಮೊದಲು."

ಒಳಕೋಣೆಯ ಬಾಗಿಲು ತೆರೆದರು. ಕಿಟಕಿ ಮುಚ್ಚಿತ್ತು, ಹುಳಿತ ಹಣ್ಣಿನ ವಾಸನೆ ತೆಳ್ಳಗೆ ಇತ್ತು. ಕುರ್ಚಿಯ ಮೇಲೆ ಇಸ್ತ್ರಿ ಮಾಡಿದ ಗಂಡಸರ ಅಂಗಿ, ಪ್ಯಾಂಟು. ಮಂಚದ ಕೆಳಗೆ ಜೋಡಿಸಿಟ್ಟ ಚಪ್ಪಲಿ. ಮಂಚದ ಮೇಲೆ ಯಾರೋ ಗೋಡೆ ಕಡೆ ಮುಖ ಮಾಡಿ, ಮೈ ಮುದುರಿಕೊಂಡು, ಕಂಬಳಿ ಪೂರ್ತಿ ಹೊದ್ದು ಮಲಗಿದ್ದರು.

ಪೋಸ್ಟ್‌ಮನ್ ಎರಡು ಹೆಜ್ಜೆ ಹಿಂದೆ ಸರಿದ. ಇನ್ಸ್‌ಪೆಕ್ಟರ್ ಹತ್ತಿರ ಹೋಗಿ ಕಂಬಳಿಯ ಮೇಲೆ ಅಂಗೈ ಇಟ್ಟರು. ಬೆಚ್ಚಗಿತ್ತು, ಸಣ್ಣಗೆ ಜ್ವರ ಬಂದವರ ಮೈಯ ಹಾಗೆ. ಅಷ್ಟರಲ್ಲಿ ಕಂಬಳಿಯೊಳಗಿನಿಂದ 'ಗುಳುಕ್' ಎಂದು ಒಂದೇ ಒಂದು ಸದ್ದು ಬಂತು. ಮಹಿಳಾ ಕಾನ್‌ಸ್ಟೆಬಲ್ ಇನ್ಸ್‌ಪೆಕ್ಟರ್ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಕಂಬಳಿ ಸರಿಸಿದರು. ಎರಡು ದಿಂಬಿನ ನಡುವೆ, ಹಸಿರು ಬಟ್ಟೆ ಸುತ್ತಿದ ಜಾಡಿ, ಆಸುಪಾಸು ಬಿಸಿನೀರಿನ ಚೀಲಗಳು, ಪಾಕದ ಬಾಟಲಿ, ಉದ್ದ ಹಿಡಿಯ ಚಮಚ. ಕಾರ್ಖಾನೆಯ ಚೀಟಿಯ ಮೇಲೆ ಪೆನ್ಸಿಲಿನಲ್ಲಿ ಸಾಲಾಗಿ ಬರೆದಿತ್ತು: ಭಾನುವಾರ ಹತ್ತು, ಹಾಕಿದೆ. ಸೋಮವಾರ ಆರು, ಹಾಕಿದೆ. ಸೋಮವಾರ ಎರಡು ಎಂದು ಬರೆದು ಮುಂದೆ ಖಾಲಿ ಬಿಟ್ಟಿತ್ತು. ಕದ್ದ ಮಾಲಿಗೂ ರಿಜಿಸ್ಟರ್ ಇಟ್ಟಿದ್ದಾಳೆ ಎಂದು ದಫೇದಾರರು ಗೊಣಗಿದರು. ಅವರ ದನಿಯಲ್ಲಿ ತಮಾಷೆ ಇರಲಿಲ್ಲ.

ಡಾಕ್ಟರು ಬಗ್ಗಿ ನೋಡಿದರು. ಗುಳ್ಳೆಗಳು ನಿಂತುಹೋದಷ್ಟು ವಿರಳವಾಗಿದ್ದವು. "ಸೊರಗಿದೆ. ಈಗಲೇ ಹಾಕಬೇಕು. ಇಲ್ಲ ಅಂದ್ರೆ ಹತ್ತು ಗಂಟೆ ತನಕ ಇರಲ್ಲ."

"ಸಾಕ್ಷ್ಯದ ಮಾಲು ಮೇಡಂ. ಮುಟ್ಟಬಾರದು," ಎಂದರು ದಫೇದಾರರು.

ನೂರೆಂಬತ್ತು ಜನರ ಅನ್ನ ಆ ಜಾಡಿಯಲ್ಲಿತ್ತು. ಈ ಹೆಂಗಸಿನ ಪ್ರಾಣವೂ ಅದರಲ್ಲೇ ಇತ್ತು. ಇನ್ಸ್‌ಪೆಕ್ಟರ್ ಹೆಪ್ಪಕ್ಕನ ಕಡೆ ತಿರುಗಿದರು. "ನೀವೇ ಹಾಕಿ. ದಫೇದಾರರೇ, ಬರ್ಕೊಳ್ಳಿ. ಸಂಜೆ ನಾಲ್ಕು ಗಂಟೆ ಐದು ನಿಮಿಷಕ್ಕೆ, ಪಂಚರ ಸಮಕ್ಷಮ, ಒಂದು ಚಮಚ ಪಾಕ."

ಹೆಪ್ಪಕ್ಕ ಮಂಚದ ಅಂಚಿಗೆ ಕೂತಳು. ಚಮಚ ಇಳಿಸಿ ಮೂರು ಸುತ್ತು ತಿರುಗಿಸಿದಳು. "ತಡವಾಯ್ತು ಕಣೋ," ಎಂದಳು. ಸ್ವಲ್ಪ ಹೊತ್ತಿಗೆ ಜಾಡಿಯ ತಳದಿಂದ ಗುಳ್ಳೆಯೊಂದು ಎದ್ದಿತು, ಅದರ ಹಿಂದೆ ಇನ್ನೊಂದು, ಆಮೇಲೆ ಸಾಲಾಗಿ. ದರ್ಜಿ ಕಣ್ಣು ಒರೆಸಿಕೊಂಡ, ಯಾಕೆಂದು ಅವನಿಗೂ ಗೊತ್ತಿರಲಿಲ್ಲ.

ಆಕೆ ಹೇಳಿಕೆ ಕೊಟ್ಟದ್ದು ಅಲ್ಲೇ, ಆ ಕೋಣೆಯಲ್ಲೇ.

"ಅಮ್ಮ ಹೋದಾಗ ಅವನಿಗೆ ನಾಲ್ಕು ವರ್ಷ. ನಾನೇ ಸಾಕಿದ್ದು. ಕಾರ್ಖಾನೆಗೆ ಸೇರಿಸಿದ್ದೂ ನಾನೇ. ಆವತ್ತು ಅವನು ಟ್ಯಾಂಕಿಗೆ ಇಳಿದಾಗ ಮೇಲೆ ಹಗ್ಗ ಹಿಡಿದಿದ್ದೋಳು ನಾನು."

ದಫೇದಾರರ ಪೆನ್ನು ನಿಂತಿತು. "ನೀವಾ? ಆಗ ಹೇಳಲಿಲ್ಲವಲ್ಲ."

"ಯಾರೂ ಕೇಳಲಿಲ್ಲ."

"ಆಮೇಲೆ?"

"ಎರಡು ಗಂಟೆ ಆಯ್ತು. ತಾಯಿಗೆ ಪಾಕ ಹಾಕ್ಬೇಕಿತ್ತು. ಹತ್ತು ನಿಮಿಷ ಬರ್ತೀನಿ, ಮೇಲೆ ಬಂದು ಕೂತ್ಕೋ ಅಂದೆ. ಹೂಂ ಅಂದ. ನಾನು ಹೋದೆ. ವಾಪಸ್ ಬಂದು ಹಗ್ಗ ಎಳೆದೆ, ಹಗುರಾಗಿ ಬಂತು. ಆಚೆ ಗೋಡೆ ಎಟುಕಲಿಲ್ಲ ಅಂತ ಬಿಚ್ಚಿಕೊಂಡಿದ್ದ ಅನ್ಸುತ್ತೆ. ನಾನು ಟ್ಯಾಂಕಿನ ಬಾಯಿ ಹತ್ರ ನಿಂತು ಕೂಗಿದೆ. ಕತ್ತಲೆ. ಎಲ್ಲಿಂದಲೋ ಗುಳುಗುಳು ಅಂತು." ಆಕೆ ನಿಲ್ಲಿಸಿದಳು. "ಅವನು ಚಿಕ್ಕವನಿದ್ದಾಗಿಂದ ಬಾಯಲ್ಲಿ ನೀರು ತುಂಬ್ಕೊಂಡು ಹಾಗೆ ಸದ್ದು ಮಾಡಿ ನನ್ನ ಹೆದರಿಸ್ತಿದ್ದ. ಕೆಲಸ ಮುಗಿಸಿ ಎಲ್ಲೋ ಹಿಂದೆ ನಿಂತು ಆಟ ಆಡ್ತಿದಾನೆ ಅಂದ್ಕೊಂಡೆ. ನಕ್ಕೆ ಮೇಡಂ. ನಕ್ಕು, ಹಗ್ಗ ಸುತ್ತಿ ಮೊಳೆಗೆ ಹಾಕಿ ಹೋದೆ."

ಸಂಜೆ ಆರಕ್ಕೆ ಬೇರೆಯವರು ನೋಡಿದ್ದರು.

"ಹಗ್ಗ ಕಟ್ಕೊಳ್ಳಲಿಲ್ಲ, ಅವನದೇ ತಪ್ಪು ಅಂತ ಬರೆದ್ರಿ. ನಾನು ಬಾಯಿಗೆ ಬೀಗ ಹಾಕ್ಕೊಂಡೆ. ಆಮೇಲೆ ತಾಯ ಜಾಡಿ ಬದಲಾಯ್ತು. ತಳಿ ಪುಸ್ತಕದಲ್ಲಿ ತಾರೀಖು ಬರೆದವಳೇ ನಾನು. ಅವನು ಬಿದ್ದ ನೀರು ಅದು. ನಾಲ್ಕು ಗಂಟೆ ಅದರಲ್ಲೇ ಇದ್ದ. ಹದಿನಾಲ್ಕು ತಿಂಗಳು ಎರಡು ಗಂಟೆಗೆ ಅವನಿಗೇ ಹಾಕ್ತಿದೀನಿ ಅಂದ್ಕೊಂಡೇ ಹಾಕಿದೆ. ಅಲ್ಲಿ ತನಕ ಸರಿ ಇತ್ತು."

"ಮತ್ತೆ ಯಾಕೆ ಕದ್ದಿರಿ?"

"ಹೋದ ವಾರ ಬಸ್ಸಿಗೆ ಕಾಯ್ತಾ ನಿಂತಿದ್ದೆ. ಹೊಗೆ ಮುಖಕ್ಕೆ ಬಂತು. ಅವನನ್ನ ಒಂದ್ಸಲ ಸುಟ್ಟಾಗಿದೆ ಮೇಡಂ, ನಾನೇ ಮುಂದೆ ನಿಂತು ಸುಡಿಸಿದೀನಿ. ದಿನಾ ಸುಡ್ತಿದಾರಲ್ಲ. ಊರ ತುಂಬ ಸುಡ್ತಿದಾರಲ್ಲ. ಟ್ಯಾಂಕಲ್ಲಿ ಇದ್ದವನನ್ನ ಮಲಗಿಸಿಬಿಟ್ಟೆ. ಇವನನ್ನ ಮನೆಗೆ ಕರ್ಕೊಂಡು ಬಂದೆ."

ಬಂಧನದ ಸಮಯ ಸಂಜೆ ಐದೂ ಹತ್ತು. ಜಾಡಿ ಠಾಣೆಯ ಮಾಲುಖಾನೆಗೆ ಬಂತು. ಮ್ಯಾನೇಜರ್ ಓಡಿಬಂದು, ಜಾಡಿ ನೋಡಿ, ಕೈ ಮುಗಿದರು. ಇನ್ಸ್‌ಪೆಕ್ಟರ್ ಅವರನ್ನು ಕೂರಿಸಿದರು.

"ನಿಮ್ಮಲ್ಲಿ ಮಧ್ಯಾಹ್ನದ ಪಾಳಿಯಲ್ಲಿ ಎರಡು ಗಂಟೆಗೆ ಚಮಚ ಹಿಡಿಯೋರು ಯಾರು?"

"ಹೆಪ್ಪಕ್ಕ."

"ಟ್ಯಾಂಕ್ ತೊಳೆಯೋವಾಗ ಹಗ್ಗ ಹಿಡಿಯೋರು?"

ಮ್ಯಾನೇಜರ್ ಅಂಗಿಯ ತಪ್ಪು ಗುಂಡಿಯನ್ನು ಆಗಷ್ಟೇ ಕಂಡವರ ಹಾಗೆ ಬಿಚ್ಚಿ ಹಾಕತೊಡಗಿದರು. "ಆಗ ಜನ ಕಮ್ಮಿ ಇದ್ರು ಮೇಡಂ."

"ಯಾರು?"

"ಅವಳೇ."

"ಹಳೇ ಕಡತ ಮತ್ತೆ ತೆರೀತಿದೀನಿ. ನಾಳೆಯಿಂದ ನಾವು ಕರೆದಾಗೆಲ್ಲ ನೀವು ಬರಬೇಕಾಗುತ್ತೆ. ಅದರಲ್ಲಿ ನನ್ನ ತಪ್ಪೂ ಇದೆ, ಅದನ್ನೂ ಬರೀತೀನಿ."

ಮಂಗಳವಾರ ಬೆಳಿಗ್ಗೆ ಒಂಬತ್ತೂ ನಲವತ್ತಕ್ಕೆ ಆರೋಪಿಯನ್ನು ನ್ಯಾಯಾಲಯಕ್ಕೆ ಹಾಜರುಪಡಿಸಲು ಹೊರಟರು. ಚಾಲಕ ಜೀಪು ಶುರು ಮಾಡಿ ಬಾಗಿಲ ಮುಂದೆ ತಂದ. ಹೆಪ್ಪಕ್ಕ ಮೆಟ್ಟಿಲ ಮೇಲೇ ನಿಂತುಬಿಟ್ಟಳು.

"ಹತ್ತಮ್ಮ," ಎಂದ ಚಾಲಕ.

ಆಕೆ ಹತ್ತಲಿಲ್ಲ. ಹೊಗೆಯ ಕೊಳವೆಯನ್ನು ನೋಡುತ್ತಿದ್ದಳು. ಮಹಿಳಾ ಕಾನ್‌ಸ್ಟೆಬಲ್ ತೋಳು ಹಿಡಿದು ಎಳೆಯಲು ಹೋದಳು. ಹಿಂದಿನ ದಿನ ಆಕೆ ಜೀಪು ಹತ್ತದೆ ಮನೆಯವರೆಗೆ ನಡೆದೇ ಬಂದದ್ದು ಇನ್ಸ್‌ಪೆಕ್ಟರ್‌ಗೆ ಆಗ ನೆನಪಾಯಿತು.

"ಆಫ್ ಮಾಡಪ್ಪ," ಎಂದರು ಚಾಲಕನಿಗೆ.

"ಮೇಡಂ, ಕೋರ್ಟು ಎರಡು ಕಿಲೋಮೀಟರ್ ಇದೆ."

"ಗೊತ್ತು. ಆಫ್ ಮಾಡು."

ನಡೆದರು. ಮುಂದೆ ದಫೇದಾರರು, ನಡುವೆ ಹೆಪ್ಪಕ್ಕ, ಪಕ್ಕದಲ್ಲಿ ಇನ್ಸ್‌ಪೆಕ್ಟರ್, ಹಿಂದೆ ಮಹಿಳಾ ಕಾನ್‌ಸ್ಟೆಬಲ್. ಬೀದಿಯ ಜನ ಅಂಗಡಿಯಿಂದ ಇಣುಕಿ ನೋಡಿದರು. ಬಸ್ಸೊಂದು ಬಂದಾಗ ಹೆಪ್ಪಕ್ಕ ರಸ್ತೆಯ ಅಂಚಿಗೆ ಸರಿದು, ತಲೆ ತಗ್ಗಿಸಿ, ಅದು ಹಾದುಹೋಗುವವರೆಗೆ ನಿಂತಳು. ಹೆಣದ ಗಾಡಿ ಹೋಗುವಾಗ ಜನ ನಿಲ್ಲುವುದು ಹಾಗೆ. ಮೊದಲ ಬಸ್ಸಿಗೆ ಇನ್ಸ್‌ಪೆಕ್ಟರ್‌ಗೆ ಏನು ಮಾಡಬೇಕೆಂದು ತೋಚಲಿಲ್ಲ. ಎರಡನೆಯದಕ್ಕೆ ಅವರೂ ನಿಂತರು. ಮೂರನೆಯದಕ್ಕೆ ದಫೇದಾರರು ಟೋಪಿ ತೆಗೆದರು. ಕೋರ್ಟು ಮುಟ್ಟುವಷ್ಟರಲ್ಲಿ ಹನ್ನೊಂದು ಬಸ್ಸು ಹೋದವು.

ನ್ಯಾಯಾಧೀಶರು ಹದಿನಾಲ್ಕು ದಿನ ನ್ಯಾಯಾಂಗ ಬಂಧನ ವಿಧಿಸಿದರು. ಜಾಡಿಯನ್ನು ಗುರುವಾರ ಕಾರ್ಖಾನೆಗೆ ಒಪ್ಪಿಸುವಂತೆ ಆದೇಶವಾಯಿತು. ಹೇಳುವುದೇನಾದರೂ ಇದೆಯೇ ಎಂದು ಕೇಳಿದಾಗ ಹೆಪ್ಪಕ್ಕ ಗೋಡೆಯ ಗಡಿಯಾರ ನೋಡಿದಳು.

"ಗುರುವಾರದ ತನಕ ಎರಡು ಗಂಟೆಗೆ ಯಾರು ಹಾಕ್ತಾರೆ?"

"ನಾನು ಹಾಕ್ತೀನಿ," ಎಂದರು ಇನ್ಸ್‌ಪೆಕ್ಟರ್, ನ್ಯಾಯಾಲಯದಲ್ಲಿ ಹಾಗೆ ಮಾತಾಡಬಾರದೆಂದು ಗೊತ್ತಿದ್ದರೂ. ನ್ಯಾಯಾಧೀಶರು ತಲೆ ಎತ್ತಿ ನೋಡಿ, ಮುಂದಿನ ಕಡತ ಎಳೆದುಕೊಂಡರು.

ಇನ್ಸ್‌ಪೆಕ್ಟರ್ ನಡೆದೇ ಠಾಣೆಗೆ ಮರಳಿದರು. ಎರಡು ಗಂಟೆಗೆ ಮಾಲುಖಾನೆಯ ಬೀಗ ತೆಗೆದು, ಒಂದು ಚಮಚ ಪಾಕ ಹಾಕಿ ಮೂರು ಸುತ್ತು ತಿರುಗಿಸಿ, ಮುಚ್ಚಳವನ್ನು ಕಾಲು ಸುತ್ತು ಸಡಿಲ ಬಿಟ್ಟರು. ಜಾಡಿಯ ತಳದಲ್ಲಿ ಬಾಯಲ್ಲಿ ನೀರು ತುಂಬಿಕೊಂಡವರ ಸದ್ದಾಯಿತು. ಅದು ಬರೀ ಗಾಳಿ ಎಂದು ಡಾಕ್ಟರು ಹೇಳಿದ್ದರು. ಆದರೂ ಇನ್ಸ್‌ಪೆಕ್ಟರ್ ಬಾಗಿಲು ಹಾಕುವ ಮೊದಲು ಒಮ್ಮೆ ತಿರುಗಿ ನೋಡಿದರು.

ಕೇಸ್ ಡೈರಿಯಲ್ಲಿ ಆರೋಪಿಯನ್ನು ಸಾಗಿಸಿದ ವಾಹನದ ಸಂಖ್ಯೆ ಬರೆಯುವ ಕಡೆ ರೈಟರ್ ಖಾಲಿ ಬಿಟ್ಟಿದ್ದ. ಇನ್ಸ್‌ಪೆಕ್ಟರ್ ಪೆನ್ನು ತೆಗೆದುಕೊಂಡು ತಾವೇ ಬರೆದರು: ವಾಹನ ಇಲ್ಲ. ಅಕ್ಕ ನಡೆದು ಬಂದಳು.